ಸುರೂರ್ ಕಾಕಾ ಮನೆಯಲ್ಲಿ ಸಾಯಲಿಲ್ಲ

ಮಾನ್ಯ ಪತ್ರಾಗಾರದ ನಿರ್ದೇಶಕರೇ,

ನಮ್ಮ ಸಸ್ಯಶಾಸ್ತ್ರ ವಿಭಾಗದ ಅಟೆಂಡರ್ ಸುರೂರ್ ಕಾಕಾ ಸತ್ತದ್ದು ಮನೆಯಲ್ಲಿ ಅಲ್ಲ, ಹೃದಯ ನಿಂತೂ ಅಲ್ಲ. ೧೯೭೪ರ ನವೆಂಬರಿನಲ್ಲಿ, ವಿಭಾಗದ ನೆಲಮಾಳಿಗೆಯಲ್ಲಿ, ಮೊಣಕಾಲುದ್ದ ನೀರಿನಲ್ಲಿ ನಿಂತು ವಿಶ್ವವಿದ್ಯಾಲಯದ ಆಸ್ತಿಯನ್ನು ಮೇಲೆತ್ತಿ ಕೊಡುತ್ತಿದ್ದಾಗ ಕರೆಂಟು ಹೊಡೆದು ಸತ್ತರು. ಇದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ಒಮ್ಮೆ ನಾನು ಹೇಳಿದ್ದೇನೆ, ಇನ್ನೊಮ್ಮೆ ನನ್ನ ಸಹಪಾಠಿ ವಗ್ದಿ ಬಿಶಾರಾ ಹೇಳಿದ್ದಾನೆ. ಎರಡನ್ನೂ ನೀವೇ ನಿಮ್ಮ ಕೈಯಿಂದ ಧ್ವನಿಮುದ್ರಿಸಿಕೊಂಡಿದ್ದೀರಿ. ಹೀಗಿದ್ದೂ ಕಳೆದ ತಿಂಗಳು ನೀವು ಸಂಭ್ರಮದಿಂದ ತೆರೆದ ‘ನಮ್ಮ ನೆನಪು, ನಮ್ಮ ಆವರಣ’ ಪ್ರದರ್ಶನದ ಗೋಡೆಯ ಮೇಲೆ ಆ ದಿನದ ಬಗ್ಗೆ ಬರೆಸಿರುವ ಕೊನೆಯ ವಾಕ್ಯ ಹೀಗಿದೆ: “ಯಾರಿಗೂ ಯಾವುದೇ ಅಪಾಯವಾಗಲಿಲ್ಲ.”

ಈ ಪತ್ರವನ್ನು ನಿಮ್ಮ ಕಚೇರಿಗೆ ಕಳುಹಿಸದೆ ಪತ್ರಿಕೆಗೆ ಕೊಟ್ಟಿದ್ದೇನೆ. ನಿಮ್ಮ ಕಚೇರಿಗೆ ಕೊಟ್ಟದ್ದು ಯಾರ ಕೈಗೆ ಹೋಗಿ ಸೇರುತ್ತದೆ ಎಂಬುದನ್ನು ಸ್ವಲ್ಪ ತಡವಾಗಿ ಕಲಿತಿದ್ದೇನೆ.

ಮೂರು ವರ್ಷದ ಹಿಂದೆ ಹಳೆಯ ವಿದ್ಯಾರ್ಥಿಗಳಿಗೆಲ್ಲ ನಿಮ್ಮದೊಂದು ಮನವಿ ಬಂದಿತ್ತು. ದಾಖಲೆಗಳೆಲ್ಲ ನೀರು ಕುಡಿದು ಹಾಳಾಗಿವೆ, ಕಪಾಟಿನ ತುಂಬ ಹೆಸರಿಲ್ಲದ ಫೋಟೋಗಳು ಉಳಿದಿವೆ, ನಿಮ್ಮ ನೆನಪುಗಳೇ ಇನ್ನು ನಮಗೆ ದಾರಿ ಎಂದು ಬರೆದಿದ್ದಿರಿ. ಓದಿ ಎಷ್ಟು ಹಿಗ್ಗಿದೆವು ಗೊತ್ತೇ? ಎಪ್ಪತ್ತರ ಹತ್ತಿರ ಬಂದವರಿಗೆ ಮನೆಯಲ್ಲಿ ಮಾತು ಶುರುಮಾಡಿದರೆ ಮೊಮ್ಮಕ್ಕಳು ಎದ್ದು ಹೋಗುತ್ತಾರೆ. ಇಲ್ಲಿ ನೋಡಿದರೆ ಒಂದು ವಿಶ್ವವಿದ್ಯಾಲಯವೇ ಕುರ್ಚಿ ಎಳೆದುಕೊಟ್ಟು, ಪುದೀನ ಚಹಾ ಕೊಟ್ಟು, ‘ಹೇಳಿ’ ಅನ್ನುತ್ತಿದೆ. ಪ್ರತಿ ಮಂಗಳವಾರ ಟ್ರಾಮು ಹತ್ತಿ ಬಂದೆವು. ಮಂಡಿನೋವಿನವರು ಬಂದರು, ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೂರನೇ ದಿನವೇ ಒಬ್ಬರು ಬಂದರು. ನೀವು ಒಂದೊಂದೇ ಫೋಟೋ ಗೋಡೆಯ ಮೇಲೆ ಬೆಳಗಿಸುತ್ತಿದ್ದಿರಿ. ನಾವು ಜಗಳ ಆಡುತ್ತಿದ್ದೆವು.

ಕ್ಯಾಂಟೀನಿನ ಫೋಟೋ ಬಂದ ದಿನ ನೆನಪಿದೆಯೇ? “ಮೇಜು ಹಸಿರು” ಎಂದರು ರಸಾಯನಶಾಸ್ತ್ರದವರೊಬ್ಬರು. “ಹಸಿರಲ್ಲ ಕಣಯ್ಯಾ, ನೀಲಿ. ಆ ಬಣ್ಣ ಒಣಗೋ ಮೊದಲೇ ಕೂತು ನನ್ನ ಒಂದೇ ಒಂದು ಒಳ್ಳೆ ಪ್ಯಾಂಟು ಹಾಳಾಯ್ತು” ಎಂದರು ಗಣಿತದವರು. “ನಿನ್ನ ಪ್ಯಾಂಟು ನೀಲಿ ಇತ್ತು, ಮೇಜಲ್ಲ” ಎಂದು ರಸಾಯನಶಾಸ್ತ್ರದವರು ಮತ್ತೆ ಕಾಲೆಳೆದರು. ನೀವು ಬಿದ್ದು ಬಿದ್ದು ನಕ್ಕಿರಿ. ಕೊನೆಗೆ ಹಸ್ತಪ್ರತಿ ತಿದ್ದುವವರಷ್ಟು ಶ್ರದ್ಧೆಯಿಂದ ‘ನೀಲಿ’ ಎಂದು ಬರೆದುಕೊಂಡಿರಿ. ಈಗ ನಿಮ್ಮ ಪ್ರದರ್ಶನದಲ್ಲಿ ನೀಲಿ ಬಣ್ಣದ ಒಂದು ಮೇಜನ್ನೇ ಮಾಡಿಸಿ ಇಟ್ಟಿದ್ದೀರಿ. ಅದಕ್ಕೆ ಯಾವ ಲಿಖಿತ ದಾಖಲೆಯೂ ಇಲ್ಲ. ಒಬ್ಬ ಮುದುಕನ ಪ್ಯಾಂಟಿನ ನೆನಪು ಅಷ್ಟೇ ಇದೆ.

ಹೀಗೊಂದು ಮಂಗಳವಾರ ವಿಭಾಗದ ಮೆಟ್ಟಿಲ ಮೇಲೆ ತೆಗೆದ ಫೋಟೋ ಬಂತು. ಅಧ್ಯಾಪಕರು ಕುರ್ಚಿಯಲ್ಲಿ, ನಾವು ಹಿಂದೆ, ಬಲತುದಿಯಲ್ಲಿ ಗಲ್ಲಾಬಿಯಾ ಎಂಬ ಉದ್ದನೆಯ ನಿಲುವಂಗಿ ತೊಟ್ಟ ಒಬ್ಬ ಕಪ್ಪು ಮನುಷ್ಯ. “ಇವರು ಯಾರು?” ಎಂದು ಕೇಳಿದವರು ನೀವು. ನಾನಾಗಿ ಹೇಳಲಿಲ್ಲ.

ಅವರು ಸುರೂರ್ ಕಾಕಾ. ಕೈರೋದಿಂದಲೂ ಬಹುದೂರ ದಕ್ಷಿಣದ ನೂಬಿಯಾದವರು. ಅಣೆಕಟ್ಟು ಊರನ್ನು ನುಂಗುವ ಮೊದಲೇ ಕೆಲಸ ಹುಡುಕಿಕೊಂಡು ಈ ಕಡಲತೀರಕ್ಕೆ ಬಂದವರು. ಮರುಭೂಮಿಯ ಗಿಡಗಳನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಚೀಟಿ ಬರೆದು ಇಡುವ ನಮ್ಮ ಸಂಗ್ರಹ ಇಪ್ಪತ್ತು ವರ್ಷ ಅವರ ಕೈಯಲ್ಲಿತ್ತು. ಲ್ಯಾಟಿನ್ ಹೆಸರುಗಳನ್ನು ನೂಬಿಯಾದ ರಾಗದಲ್ಲಿ ಹೇಳುತ್ತಿದ್ದರು. ಪರೀಕ್ಷೆಯ ಹಿಂದಿನ ದಿನ ನಾವು ಅಧ್ಯಾಪಕರ ಹತ್ತಿರ ಹೋಗುತ್ತಿರಲಿಲ್ಲ, ಕಾಕಾನ ಹತ್ತಿರ ಹೋಗುತ್ತಿದ್ದೆವು. “ಎಲೆ ನೋಡಬೇಡ ಮಗಳೇ, ಎಲೆ ಎಲ್ಲರಿಗೂ ಸುಳ್ಳು ಹೇಳುತ್ತೆ. ಬೀಜ ನೋಡು” ಎನ್ನುತ್ತಿದ್ದರು. ನಾನು ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದ್ದೇನೆ. ಕಲಿಸಿದ್ದರಲ್ಲಿ ಅರ್ಧ ಅವರದು.

ಆ ವರ್ಷ ನವೆಂಬರಿನ ಮಕ್ನಸಾ ಬಿರುಗಾಳಿ, ಅಂದರೆ ಪೊರಕೆ, ತನ್ನ ಹೆಸರಿಗೆ ತಕ್ಕಂತೆ ಊರನ್ನೇ ಗುಡಿಸಿಹಾಕಿತು. ಮಧ್ಯಾಹ್ನ ಎರಡರ ಹೊತ್ತಿಗೆ ನೆಲಮಾಳಿಗೆಗೆ ನೀರು ನುಗ್ಗಿತು. ಸಂಗ್ರಹದ ಕಪಾಟುಗಳೆಲ್ಲ ಅಲ್ಲಿಯೇ ಇದ್ದವು. ನಾವು ಐವರು ವಿದ್ಯಾರ್ಥಿಗಳು ಮೆಟ್ಟಿಲ ಮೇಲೆ ಸಾಲಾಗಿ ನಿಂತೆವು. ಕೆಳಗೆ ನೀರಿನಲ್ಲಿ ಕಾಕಾ ಒಬ್ಬರೇ. ಅವರು ಕಟ್ಟು ಎತ್ತಿ ಕೊಡುವುದು, ನಾವು ಕೈಯಿಂದ ಕೈಗೆ ಮೇಲೆ ಸಾಗಿಸುವುದು. ಬೆಳಕಿಗೆಂದು ಉದ್ದ ವೈರಿನ ದೀಪವೊಂದನ್ನು ಕಪಾಟಿಗೆ ನೇತುಹಾಕಿದ್ದರು. ನಾನು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿದ್ದೆ. ವಗ್ದಿ ಎಲ್ಲರಿಗಿಂತ ಕೆಳಗೆ, ಮೇನ್ ಸ್ವಿಚ್ಚಿನ ಪಕ್ಕದಲ್ಲಿ. ಅವನ ಕೈ ಸ್ವಿಚ್ಚಿನತ್ತ ಹೋದದ್ದನ್ನು ನೋಡಿದೆ. ಅಲ್ಲೇ ನಿಂತಿದ್ದ ನಮ್ಮ ಯುವ ಉಪನ್ಯಾಸಕರು ಏನೋ ಹೇಳಿದ್ದನ್ನು ನೋಡಿದೆ. ವಗ್ದಿಯ ಕೈ ಕೆಳಗಿಳಿದದ್ದನ್ನೂ ನೋಡಿದೆ. ಗಾಳಿಯ ಅಬ್ಬರದಲ್ಲಿ ಮಾತು ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕಪಾಟು ವಾಲಿ ದೀಪ ನೀರಿಗೆ ಬಿತ್ತು.

ಮರುದಿನ ಸೂಚನಾಫಲಕದಲ್ಲಿ ಒಂದು ಚೀಟಿ ಇತ್ತು. ಅಟೆಂಡರ್ ಸುರೂರ್ ಅವರು ಸ್ವಗೃಹದಲ್ಲಿ ಹೃದಯಾಘಾತದಿಂದ ನಿಧನರಾದರು. ನಮಗೆಲ್ಲ ಇಪ್ಪತ್ತು ವರ್ಷ. ಎದುರಿಗೆ ಪರೀಕ್ಷೆ. ಬಾಯಿ ಮುಚ್ಚಿಕೊಂಡೆವು. ಇದನ್ನು ಬರೆಯುವಾಗ ನಿಮ್ಮತ್ತ ಬೆರಳು ತೋರಿಸುವ ನನ್ನ ಕೈಯೂ ಶುದ್ಧವಲ್ಲ ಎಂದು ನನಗೆ ಗೊತ್ತು.

ಇಷ್ಟನ್ನೂ ಕೇಳಿ ನೀವು ಕನ್ನಡಕ ತೆಗೆದು ಒರೆಸಿಕೊಂಡಿರಿ. ಮುಂದಿನ ವಾರ ನನ್ನ ಮನೆಗೇ ಬಂದಿರಿ. ನಾನು ರವೆಯಲ್ಲಿ ಮಾಡಿದ ಸಿಹಿ ಬಸ್ಬೂಸಾ ಎರಡು ತುಂಡು ತಿಂದಿರಿ. “ಮೇಡಂ, ಇನ್ನೊಬ್ಬರು ಇದನ್ನೇ ಹೇಳಿದರೆ ಸಾಕು, ಗೋಡೆಯ ಮೇಲೆ ಬರೆಸೋದು ನನ್ನ ಜವಾಬ್ದಾರಿ” ಎಂದಿರಿ. “ಹೇಳಿದವರ ಧ್ವನಿ ನನ್ನ ಬೀರು ಬಿಟ್ಟು ಹೊರಗೆ ಹೋಗಲ್ಲ” ಎಂದೂ ಹೇಳಿದಿರಿ. ನಾನು ನಂಬಿದೆ. ನಿಮ್ಮ ಹುದ್ದೆಯನ್ನಲ್ಲ, ಆ ಒರೆಸಿಕೊಂಡ ಕನ್ನಡಕವನ್ನು.

ಆ ಐವರಲ್ಲಿ ಇಬ್ಬರು ತೀರಿಹೋಗಿದ್ದಾರೆ, ಒಬ್ಬಳು ಕುವೈತಿನಲ್ಲಿ ಮರೆವಿನ ಕಾಯಿಲೆಯಲ್ಲಿದ್ದಾಳೆ. ಉಳಿದವನು ವಗ್ದಿ. ಅವನ ಔಷಧಿ ಅಂಗಡಿಗೆ ಹೋದೆ. ನಲವತ್ತೊಂಬತ್ತು ವರ್ಷದಲ್ಲಿ ಮದುವೆಗೆ, ನಮ್ಮ ಈದಿಗೆ, ಅವನ ಮನೆಯ ಕ್ರಿಸ್ಮಸ್ಸಿಗೆ ನೂರು ಸಲ ಭೇಟಿಯಾಗಿದ್ದೇವೆ. ಈ ಮಾತು ಮಾತ್ರ ಎತ್ತಿರಲಿಲ್ಲ.

“ಆವತ್ತು ಅವರು ನಿನಗೆ ಏನು ಹೇಳಿದರು ವಗ್ದಿ?”

ಅವನು ಯಾವ ದಿನ ಎಂದು ಕೇಳಲಿಲ್ಲ. ಅಂಗಡಿಯ ಶಟರ್ ಅರ್ಧ ಎಳೆದ.

“ಆಫ್ ಮಾಡಬೇಡ ಅಂದರು. ಮೇಲೆ ಲ್ಯಾಬಿನಲ್ಲಿ ಅವರು ಸಂಶೋಧನೆಗೆ ಅಂತ ಆರು ತಿಂಗಳಿಂದ ಬೆಳೆಸಿದ್ದನ್ನೆಲ್ಲ ಇಟ್ಟಿದ್ದ ಬಿಸಿಪೆಟ್ಟಿಗೆ ಇತ್ತಲ್ಲ, ಅದು ಅದೇ ಲೈನಿನಲ್ಲಿತ್ತು. ಇನ್ನೊಂದು ಕಪಾಟು ಅಷ್ಟೇ, ಆಮೇಲೆ ಮಾಡು ಅಂದರು.”

“ನೀನು?”

“ನಾನು ಒಳ್ಳೆ ವಿದ್ಯಾರ್ಥಿ ಸಫೀನಾಜ್. ಹೇಳಿದ ಮಾತು ಕೇಳಿದೆ.”

ಇದನ್ನು ನಿಮ್ಮ ಮುಂದೆ ಹೇಳಲು ಅವನಿಗೆ ನಾಲ್ಕು ತಿಂಗಳು ಬೇಕಾಯಿತು. ಪ್ರತಿ ಸಲ ನಾನೇ ಹೋಗಿ ಒಪ್ಪಿಸಿದೆ. ನಿರ್ದೇಶಕರು ಸಜ್ಜನರು, ಬೀರುವಿನಲ್ಲಿ ಬೀಗ ಹಾಕಿಡುತ್ತಾರೆ ಎಂದೆ. ಅವನು ಹೇಳಿದ, ನೀವು ಮುದ್ರಿಸಿಕೊಂಡಿರಿ. ಹತ್ತು ದಿನವಾಗಿರಲಿಲ್ಲ, ಅವನ ಅಂಗಡಿಗೆ ಒಂದು ಫೋನು ಬಂತು. ಆ ಯುವ ಉಪನ್ಯಾಸಕರದು. ಈಗ ಅವರು ಯುವಕರಲ್ಲ. ನಿಮ್ಮ ಸಲಹಾ ಸಮಿತಿಯ ಅಧ್ಯಕ್ಷರು, ನಿಮ್ಮ ಹೊಸ ಸಭಾಂಗಣಕ್ಕೆ ಹೆಸರಾಗಿರುವವರು. ದನಿ ಏರಿಸಲಿಲ್ಲವಂತೆ. “ನಿನ್ನ ಧ್ವನಿ ಕೇಳಿದೆನಪ್ಪ, ಚೆನ್ನಾಗಿ ಬಂದಿದೆ. ಆದರೆ ಸ್ವಿಚ್ಚಿನ ಹತ್ತಿರ ನಿಂತಿದ್ದವನು ನೀನಲ್ವಾ ವಗ್ದಿ? ಈ ವಯಸ್ಸಿನಲ್ಲಿ ಅದೆಲ್ಲ ಎದ್ದರೆ ನಿನ್ನ ಮಕ್ಕಳಿಗೆ ಕಷ್ಟ” ಎಂದರಂತೆ.

ವಗ್ದಿ ನನಗೆ ಫೋನು ಮಾಡಿದ. “ಸಫೀನಾಜ್, ನಾನು ನಿನ್ನನ್ನ ನಂಬಿ ಹೇಳಿದೆ. ಆ ಅಧ್ಯಕ್ಷನಿಗೆ ಹೇಳಲಿಲ್ಲ” ಎಂದ. ಇಟ್ಟುಬಿಟ್ಟ. ನಾನು ನಿಮ್ಮನ್ನು ಕೇಳಿದಾಗ ನೀವು ಕೊಟ್ಟ ಉತ್ತರವನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ: “ಮೇಡಂ, ಅದು ವಾಸ್ತವಾಂಶಗಳ ಪರಿಶೀಲನೆ. ಸಮಿತಿಯ ನಿಯಮ.” ಎಂಥ ಸುಂದರ ನಿಯಮ. ಆರೋಪ ಯಾರ ಮೇಲಿದೆಯೋ ಅವರ ಕೈಗೇ ಸಾಕ್ಷಿಯನ್ನು ಕೊಟ್ಟು, ಇದು ನಿಜವೇ ಸ್ವಾಮಿ ಎಂದು ಕೇಳುವುದು. ಕ್ಯಾಂಟೀನಿನ ಮೇಜಿನ ಬಣ್ಣವನ್ನೂ ಮೇಜಿನ ಹತ್ತಿರವೇ ಕೇಳಿ ಪರಿಶೀಲಿಸಿದಿರಾ?

ಇಷ್ಟಾದರೂ ನನಗೆ ಆಸೆ ಸತ್ತಿರಲಿಲ್ಲ. ಉದ್ಘಾಟನೆಗೆ ಕಾಕಾನ ಮಗಳು ನಬವಿಯಾಳನ್ನು ಕರೆದುಕೊಂಡು ಬಂದೆ. ಅಪ್ಪ ಹೋದಾಗ ಅವಳಿಗೆ ಒಂಬತ್ತು ವರ್ಷ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದವಳು. ಅವಳ ತಾಯಿ ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದರಂತೆ: ಅವರು ಮನೆಗೆ ಬರಲಿಲ್ಲ, ಅವರನ್ನು ತಂದರು. ಕೇಳಿದವರೆಲ್ಲ ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ ಎಂದರು. ಮಗಳೂ ಕೊನೆಕೊನೆಗೆ ಹಾಗೆಯೇ ಅಂದುಕೊಂಡಿದ್ದಳು. ನಾನು ವಿಷಯ ಹೇಳಿದ ದಿನ ಅವಳು ಅಳಲಿಲ್ಲ. “ಹಂಗಾದರೆ ಅಮ್ಮನಿಗೆ ತಲೆ ಸರಿ ಇತ್ತು” ಎಂದಳು.

ಕೈರೋದಿಂದ ಬಂದ ಅತಿಥಿಗಳು ಭಾಷಣ ಮಾಡಿದರು. ‘ಜನರ ನೆನಪೇ ಜನರ ಇತಿಹಾಸ’ ಎಂದು ನೀವೂ ಮಾಡಿದಿರಿ. ಆಮೇಲೆ ಗೋಡೆಯ ಹತ್ತಿರ ಹೋದೆವು. ಮೆಟ್ಟಿಲಿನ ಫೋಟೋ ಇತ್ತು. ದೊಡ್ಡದಾಗಿ, ಚೆನ್ನಾಗಿ. ಬಲತುದಿ ಇರಲಿಲ್ಲ. ಕತ್ತರಿಸಿದವರು ಆತುರದಲ್ಲಿದ್ದರೇನೋ, ಗಲ್ಲಾಬಿಯಾದ ಒಂದು ತೋಳು ಉಳಿದುಹೋಗಿತ್ತು. ಕೆಳಗೆ ಬರಹ: ಯುವ ಉಪನ್ಯಾಸಕರ ಧೀರ ನೇತೃತ್ವದಲ್ಲಿ ವಿದ್ಯಾರ್ಥಿಗಳು ಅಮೂಲ್ಯ ಸಂಗ್ರಹವನ್ನು ಉಳಿಸಿದರು. ಯಾರಿಗೂ ಯಾವುದೇ ಅಪಾಯವಾಗಲಿಲ್ಲ.

ನಬವಿಯಾ ಅದನ್ನು ಎರಡು ಸಲ ಓದಿದಳು. ನನ್ನ ಕಡೆ ತಿರುಗಿ, “ಅಕ್ಕ, ಇದು ಬೇರೆ ಮಳೆಯಾ?” ಎಂದು ಕೇಳಿದಳು.

ಅವಳಿಗೆ ಏನು ಉತ್ತರ ಕೊಡಲಿ ಎಂದು ನಿಮ್ಮನ್ನು ಹುಡುಕಿಕೊಂಡು ಬಂದೆ. ಜ್ಯೂಸಿನ ಲೋಟ ಹಿಡಿದು ನಿಂತಿದ್ದಿರಿ. “ಮೇಡಂ, ಭಾವನೆ ಅರ್ಥವಾಗುತ್ತೆ. ಆದರೆ ನೆನಪು ದಾಖಲೆ ಅಲ್ಲ” ಎಂದಿರಿ.

ನಿರ್ದೇಶಕರೇ, ಈ ಒಂದು ಮಾತಿಗಾಗಿಯೇ ಇಷ್ಟು ಉದ್ದ ಬರೆದಿದ್ದೇನೆ. ನೆನಪು ದಾಖಲೆಯಲ್ಲ ಎಂದಾದರೆ ಆ ಪ್ರದರ್ಶನದಲ್ಲಿ ಇರುವುದೇನು? ಅರುವತ್ತೆರಡು ಫೋಟೋಗಳ ಹೆಸರುಗಳು ನಮ್ಮ ನೆನಪು. ಹಾಸ್ಟೆಲಿನ ಗಂಟೆಯ ಹೊತ್ತು, ಕಡಿದುಹಾಕಿದ ಅತ್ತಿಮರ ನಿಂತಿದ್ದ ಜಾಗ, ಬೇಳೆಸಾರಿನಲ್ಲಿ ಜೀರಿಗೆ ಹೆಚ್ಚಾಗುತ್ತಿದ್ದ ಗುರುವಾರಗಳು, ಎಲ್ಲ ನಮ್ಮ ನೆನಪು. ಜೀರಿಗೆಯ ವಿಷಯದಲ್ಲಿ ನಂಬಿಕೆಗೆ ಅರ್ಹರಾದ ನಾವು, ಒಬ್ಬ ಮನುಷ್ಯನ ಸಾವಿನ ವಿಷಯಕ್ಕೆ ಬಂದಾಗ ಮಾತ್ರ ಅರಳುಮರಳು ಮುದುಕರಾಗುವುದು ಹೇಗೆ? ಮನೆಯಲ್ಲಿ ನಿಧನ ಎಂದು ಬರೆದ ಆ ಚೀಟಿ ದಾಖಲೆಯೇ? ಹಾಗಾದರೆ ಸುಳ್ಳನ್ನು ಸಮಯಕ್ಕೆ ಸರಿಯಾಗಿ ಬರೆದಿಟ್ಟರೆ ಸಾಕು, ನಿಮ್ಮ ಶಾಸ್ತ್ರದ ಪ್ರಕಾರ ಅದು ಸತ್ಯಕ್ಕಿಂತ ಮೇಲು. ದಾಖಲೆ ಹಾಳಾಗಿದೆ, ಬಂದು ತುಂಬಿಕೊಡಿ ಎಂದು ಕರೆದವರು ನೀವು. ನಮ್ಮನ್ನು ಯಾರೂ ಕೇಳದೆ ಇದ್ದಷ್ಟು ಕಾಲ ನಾವು ಹೇಡಿಗಳಾಗಿ ನೆಮ್ಮದಿಯಾಗಿದ್ದೆವು. ನೀವು ಕೇಳಿದಿರಿ. ನಾವು ಹೇಳಿದೆವು. ಆಮೇಲೆ ನಮ್ಮ ಬಾಯಿಯಿಂದ ಬಂದದ್ದನ್ನು ತೆಗೆದುಕೊಂಡು ಹೋಗಿ ನಮ್ಮ ಮೇಲೆಯೇ ಬೆದರಿಕೆಯಾಗಿ ತಿರುಗಿಸಿದಿರಿ.

ಮುಂದೇನಾಯಿತು ಎಂಬುದು ನಿಮಗೆ ತಿಳಿಯದು, ಹಾಗಾಗಿ ಹೇಳುತ್ತೇನೆ. ಉದ್ಘಾಟನೆಯಾದ ಐದನೇ ದಿನ ವಗ್ದಿ ನನ್ನ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. “ನಬವಿಯಾ ಮನೆ ತೋರಿಸು” ಎಂದ ಅಷ್ಟೇ. ಮಕ್ಕಳಿಗೆಲ್ಲ ಹೇಳಿಕೊಂಡೇ ಬಂದಿದ್ದ. ಅವಳ ಮನೆಯ ಮೂರನೇ ಮಹಡಿ ಹತ್ತಿ, ಉಸಿರು ಸುಧಾರಿಸಿಕೊಂಡು, ನಿಂತೇ ಹೇಳಿದ: “ಸ್ವಿಚ್ಚಿನ ಪಕ್ಕದಲ್ಲಿದ್ದವನು ನಾನಮ್ಮ. ಆಫ್ ಮಾಡಬಹುದಾಗಿತ್ತು. ಬೇಡ ಅಂದರು, ಬಿಟ್ಟೆ.”

ಅವಳ ಕೈ ಬಾಗಿಲ ಚಿಲಕದ ಮೇಲೆ ಹೋಯಿತು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. “ಕೂತ್ಕೊಳ್ಳಿ” ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ಈವತ್ತಿಗೂ ಅಂದಿಲ್ಲ. ಅವನಿಗೆ ನೀರು ತಂದುಕೊಟ್ಟು, “ಕೊನೇಲಿ ಏನಾದರೂ ಹೇಳಿದರಾ?” ಎಂದು ಕೇಳಿದಳು.

“ಕಟ್ಟು ನನ್ನ ಕೈಗೆ ಕೊಡ್ತಾ, ಜೋಪಾನ ಕಣಪ್ಪಾ, ಇದು ಒದ್ದೆ ಆಗಿಲ್ಲ ಅಂದರು” ಎಂದ ವಗ್ದಿ. ಆಗ ಅತ್ತವನು ಅವನು.

ಅಂದೇ ಅವನು ತನ್ನ ಹೇಳಿಕೆಯನ್ನು ಕೈಬರಹದಲ್ಲಿ ಬರೆದು ಸಹಿ ಮಾಡಿದ. ತನ್ನ ತಪ್ಪನ್ನು ಮೊದಲನೇ ಸಾಲಿನಲ್ಲಿ ಬರೆದಿದ್ದಾನೆ. ಈಗ ಅದು ಕಾಗದದ ಮೇಲಿದೆ, ನಿಮಗೆ ಕಾಗದ ಇಷ್ಟವೆಂದು. ಒಂದು ಪ್ರತಿ ನಬವಿಯಾಳ ಹತ್ತಿರ, ಒಂದು ವಕೀಲರ ಹತ್ತಿರ, ಒಂದು ಈ ಪತ್ರಿಕೆಯವರ ಹತ್ತಿರ ಇದೆ. ನಿಮ್ಮ ಬೀರುವಿಗೆ ಕಳುಹಿಸಿಲ್ಲ.

ನಮ್ಮ ಬೇಡಿಕೆ ಚಿಕ್ಕದು. ಫೋಟೋವನ್ನು ಪೂರ್ತಿಯಾಗಿ ಹಾಕಿ. ಕೆಳಗೆ ಸುರೂರ್ ಕಾಕಾನ ಹೆಸರು, ಸತ್ತ ಜಾಗ, ಸತ್ತ ಕಾರಣ ಬರೆಸಿ. ವಗ್ದಿಯ ಧ್ವನಿಯನ್ನು ಸಮಿತಿಯ ಕೋಣೆಯಿಂದ ತಂದು ಎಲ್ಲರಿಗೂ ಕೇಳಿಸಿ. ಅದು ಸಾಧ್ಯವಿಲ್ಲ ಎಂದಾದರೆ ನಿಮ್ಮದೇ ಮಾತಿಗೆ ನಿಷ್ಠರಾಗಿರಿ. ನೆನಪು ದಾಖಲೆಯಲ್ಲ ಎನ್ನುವವರು ನೆನಪಿನಿಂದ ಕಟ್ಟಿದ್ದನ್ನೆಲ್ಲ ಇಳಿಸಬೇಕು. ನಾವು ಮೂವತ್ತೊಂದು ಜನ ನಮ್ಮ ನೆನಪುಗಳನ್ನು ಹಿಂದಕ್ಕೆ ಪಡೆಯುವ ಅರ್ಜಿಗೆ ಸಹಿ ಹಾಕಿದ್ದೇವೆ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಬಾಗಿಲಿಗೆ ಬರುತ್ತೇವೆ. ಗೋಡೆ ತಿದ್ದಿದ್ದರೆ ನೋಡಿ ಹೋಗುತ್ತೇವೆ. ಇಲ್ಲದಿದ್ದರೆ ಒಂದೊಂದೇ ಚೀಟಿ ಬಿಚ್ಚಿ ನಮ್ಮ ಕೈಗೆ ಕೊಡಿ. ಕೊನೆಗೆ ಏನು ಉಳಿಯುತ್ತದೋ ಅದೇ ನಿಮ್ಮ ವಿಶ್ವವಿದ್ಯಾಲಯದ ಇತಿಹಾಸ. ಅದಕ್ಕೆ ಟಿಕೆಟ್ ಇಟ್ಟು ಜನರನ್ನು ಕರೆಯಿರಿ.

ಇಂತಿ,
ನಿಮ್ಮ ಕೃತಜ್ಞತಾ ಫಲಕದ ನಾಲ್ಕನೇ ಸಾಲಿನಲ್ಲಿ ಹೆಸರಿರುವ, ಅದನ್ನು ಓದಲು ನಾಚಿಕೆಪಡುತ್ತಿರುವ
ಸಫೀನಾಜ್ ಶೌಕತ್
ಸಸ್ಯಶಾಸ್ತ್ರ, ೧೯೭೬