ಗಿಳಿಗೆ ಸ್ನಾನ ಮಾಡಿಸುವುದು

ಮಾರ್ಚ್ 3, ಸೋಮವಾರ, ಸಂಜೆ 6

ಇಪ್ಪತ್ತೊಂದು ಮುಗೀತು. ಇನ್ನು ಹತ್ತೊಂಬತ್ತು. ಹೋಟೆಲಿನ ಲಾಂಡ್ರಿಯಿಂದ ರಿಸೆಪ್ಷನ್‌ಗೆ ಹೋಗಬೇಕಿದ್ದರೆ ಅಮ್ಮನಿಗೆ ನಲವತ್ತು ಇಂಗ್ಲಿಷ್ ನುಡಿಗಟ್ಟಿನ ಅರ್ಥ, ಸ್ಪೆಲಿಂಗ್ ಬಾಯಿಪಾಠ ಬರಬೇಕಂತೆ. ಹೋಟೆಲ್ ಮ್ಯಾನೇಜರ್ ಪೆಗೇರೊ ಸಾಹೇಬರ ಅಪ್ಪಣೆ. ಪರೀಕ್ಷೆ ಹದಿನಾಲ್ಕಕ್ಕೆ. ಹನ್ನೊಂದು ವರ್ಷದ ಬ್ಲೀಚಿಗೆ ಅವಳ ಬೆರಳೆಲ್ಲ ಬಿರಿದಿದೆ. ಪೆನ್ನು ಒತ್ತಿ ಹಿಡಿದರೆ ರಕ್ತ.

ಪಾಠ ಹೇಳುವವನು ನಾನು — ನಮ್ಮ ಪ್ವೆರ್ತೊ ಪ್ಲಾತಾ ಊರಿನ ಕಾಲ್ ಸೆಂಟರ್ ರತ್ನ, ಈ ಮನೆಯ ಇಂಗ್ಲಿಷ್ ಪೀಠಾಧಿಪತಿ. ಒಂಬತ್ತು ಗಂಟೆ ಅಮೆರಿಕದವರ ಬೈಗುಳ ಕೇಳಿ ಬಂದು...

"ಅಂಡರ್ ದ ವೆದರ್ ಅಂದ್ರೆ ಮೈ ಹುಷಾರಿಲ್ಲ ಅಂತ, ಅಮ್ಮಾ."

"ಮಳೆ-ಬಿಸಿಲಿನ ಕೆಳಗೇ ತಾನೇ ಎಲ್ಲರೂ ಇರೋದು? ಊರಿಗೆ ಊರೇ ರೋಗಿಷ್ಟರೇನೋ?"

ಬ್ರೇಕ್ ಅ ಲೆಗ್ — ಕಾಲು ಮುರ್ಕೋ ಅಂದ್ರೆ ಶುಭವಾಗಲಿ ಅಂತ ಅರ್ಥ ಅಂದೆ. ಶಿಲುಬೆ ಗುರುತು ಹಾಕ್ಕೊಂಡಳು.

ಮಾರ್ಚ್ 5

ಸುಸ್ತು. ಸಾಹೇಬರ ಪಟ್ಟಿ ಕೈಯಲ್ಲಿದ್ದರೂ ಓದಲು ಕಣ್ಣು ಒಲ್ಲೆ ಅಂತು. ಪಕ್ಕದ ಮನೆ ಗಿಳಿ ಕಿರುಚುತ್ತಿತ್ತು. ಪೀಠದಿಂದ ಘೋಷಿಸಿದೆ:

"ಮೂವತ್ತು. ವಾಷ್ ದ ಪ್ಯಾರಟ್. ಗಿಳಿಗೆ ಸ್ನಾನ ಮಾಡಿಸೋದು. ಮೈಮುರಿದು ಮಾಡ್ತೀವಿ, ಮೆಚ್ಚೋರಿಲ್ಲ, ಕೊನೆಗೆ ತೊಳೆದ ಕೈಯನ್ನೇ ಕಚ್ಚುತ್ತೆ — ಅಂಥ ಕೆಲಸ."

ಸ್ವಂತ ಸೃಷ್ಟಿ. ಇಂಗ್ಲಿಷ್ ಭಾಷೆಗೆ ನನ್ನ ವಿನಮ್ರ ಕಾಣಿಕೆ.

ಅಮ್ಮ ನಗಲಿಲ್ಲ. ಕೈ ನೋಡಿಕೊಂಡಳು.

"ಇದನ್ನ ಬರೆದವನು ಲಾಂಡ್ರಿಯಲ್ಲಿ ದುಡಿದಿದ್ದಾನೆ ಕಣೋ."

ಬರೆದಳು. ಒಂದು ತಪ್ಪೂ ಇಲ್ಲ. ಮೊದಲ ಸಲ.

ಮಾರ್ಚ್ 11

ಗಿಳಿ ನಾನೇ ಕಟ್ಟಿದ್ದು ಅಂತ ಹೇಳಬೇಕು ಅಂದ್ಕೊಂಡೇ ಆರು ದಿನ. ಬಾಳೆಕಾಯಿ ಸುಲೀತಾ ಅದನ್ನೇ ಗುನುಗ್ತಾಳೆ. ಮೂಲೆ ಅಂಗಡಿಯವನಿಗೂ ಕಲಿಸಿ ಬಂದಿದ್ದಾಳೆ. ಉಳಿದ ಮೂವತ್ತೊಂಬತ್ತೂ ಮರೀತಾಳೆ.

ಮಾರ್ಚ್ 13, ಬೆಳಿಗ್ಗೆ

"ಅಮ್ಮಾ, ಆ ಮೂವತ್ತನೇದು ಬಿಟ್ಬಿಡು. ತೀರ ಹಳೇದು. ಈಗ ಯಾರೂ ಆಡಲ್ಲ."

"ನಾನೇನು ಹೊಸಬಳಾ?"

ಇಷ್ಟೇ ಆಯ್ತು ನನ್ನ ತಪ್ಪೊಪ್ಪಿಗೆ. ಹೇಡಿ. ನಾಳೆ ಅವಳು ಫೇಲಾದರೆ ಮತ್ತೆ ಬ್ಲೀಚು, ಮತ್ತೊಂದು ವರ್ಷ. ನನ್ನ ತಮಾಷೆಯಿಂದ.

ಮಾರ್ಚ್ 14, ಮಧ್ಯಾಹ್ನ 1

ಪಾಸು!

ನಿಮಗೆ ಇಷ್ಟವಾದದ್ದು ಒಂದು ಹೇಳಿ ಅಂದರಂತೆ ಸಾಹೇಬರು. ಹೇಳಿದಳಂತೆ. ಗಿಳಿ. ಅರ್ಥ, ಸ್ಪೆಲಿಂಗ್ ಸಮೇತ. ಸಾಹೇಬರು ಕನ್ನಡಕ ತೆಗೆದು, ಕುರ್ಚಿಗೆ ಒರಗಿ, ಅಮ್ಮನ ಹೆಸರು ಹಿಡಿದು ಗೌರವದಿಂದ —

"ಆಹಾ, ದೋನ್ಯಾ ಎದುವಿಹೆ! ನ್ಯೂಯಾರ್ಕಲ್ಲಿದ್ದಾಗ ದಿನಾ ಕಿವಿಗೆ ಬೀಳ್ತಿತ್ತು. ಇಷ್ಟು ಅಚ್ಚ ಇಂಗ್ಲಿಷ್ ಇಲ್ಲಿ ಯಾರಿಗ್ರೀ ಬರುತ್ತೆ?"

ಸೋಮವಾರದಿಂದ ರಿಸೆಪ್ಷನ್. ಬಿದ್ದು ಬಿದ್ದು ನಗಬೇಕಿತ್ತು ನಾನು. ಗೋಡೆಗೆ ಒರಗಿ ಕೂತೆ.

ಸಂಜೆ 5

ಬಾಗಿಲಲ್ಲಿ ಎರಡು ಜೊತೆ ಚಪ್ಪಲಿ. ಲಾಂಡ್ರಿಯವರು. ಮುಂದಿನ ತಿಂಗಳು ಇವರ ಪರೀಕ್ಷೆ. ಮೇಜಿನ ಮೇಲೆ ಹೊಸ ನೋಟ್‌ಬುಕ್, ಅದರ ಮೇಲೆ ಬಿರಿದ ನಾಲ್ಕು ಕೈ. ಅಮ್ಮ ಕಾಫಿ ಇಟ್ಟಳು.

"ಯೊವಾನೀ, ಸಾಹೇಬರ ಪಟ್ಟಿ ನಾನೇ ಹೇಳ್ಕೊಡ್ತೀನಿ. ನೀನು ಆ ಗಿಳಿ ಬರೆದವನದ್ದು ಇನ್ನೊಂದು ಹತ್ತು ಹೇಳು."

ಗೊತ್ತಾ ಅವಳಿಗೆ? ಮುಖ ನೋಡಿದೆ. ಸಕ್ಕರೆ ಕಲಕ್ತಿದ್ದಳು.

ಮೂವರೂ ಕಾಯ್ತಿದ್ದಾರೆ. ಪೆನ್ನು ಹಿಡಿದಿದೀನಿ.

ಒಂದು —