ಎದೆಯ ವಿಷಯದಲ್ಲಿ ಒಂದು ಸ್ಥಳ ತನಿಖೆ

ಬಸವೇಶ್ವರನಗರ, ಬೆಂಗಳೂರು
೧೦ ಜೂನ್ ೨೦೦೭, ಭಾನುವಾರ

ಪ್ರೀತಿಯ ಮಗ ನಾಗಭೂಷಣನಿಗೆ ನಿನ್ನ ಅಪ್ಪಾಜಿಯ ಆಶೀರ್ವಾದ.

ಇಲ್ಲಿ ನಾನೂ ನಿನ್ನ ಅಮ್ಮನೂ ಚೆನ್ನಾಗಿದ್ದೇವೆ. ಹಾವೇರಿಯಲ್ಲಿ ನಿನಗೆ ಊಟ ಸರಿಯಾಗಿ ಸಿಗುತ್ತಿದೆ ಎಂದು ಅವಳು ಹೇಳಿದಳು, ಸಮಾಧಾನವಾಯಿತು. ನಿಮ್ಮ ಕೃಷಿ ಇಲಾಖೆಯ ಜೀಪಿಗೆ ಕೊನೆಗೂ ಹೊಸ ಟೈರು ಹಾಕಿಸಿದರಂತೆ, ಅದೂ ಒಳ್ಳೆಯದೇ. ಈ ಕಾಗದ ಶಿವರಾತ್ರಿ ಕಳೆದ ವಾರವೇ ನಿನ್ನ ಕೈ ಸೇರಬೇಕಿತ್ತು. ನಾಲ್ಕು ತಿಂಗಳು ತಡವಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಫೋನ್ ಮಾಡಿದರೆ ನೀನು ‘ಅಮ್ಮನಿಗೆ ಕೊಡಿ’ ಅನ್ನುತ್ತೀಯ, ನಾನೂ ಮರುಮಾತಿಲ್ಲದೆ ಕೊಟ್ಟುಬಿಡುತ್ತೇನೆ. ಕಾಗದವನ್ನಾದರೂ ನೀನೇ ಓದುತ್ತೀಯ ಅಂತ ಬರೆಯಲು ಕೂತಿದ್ದೇನೆ.

ಮೊದಲು ದೊಡ್ಡ ಸುದ್ದಿ. ಇದನ್ನು ಇನ್ನೂ ಒಂದು ಸಾಲು ತಡೆದುಕೊಳ್ಳುವುದಕ್ಕೂ ನನ್ನ ಕೈಲಿ ಆಗದು. ನಾನು ಜಿಮ್ ಸೇರಿದ್ದೇನೆ. ಹೌದು, ನಾನೇ. ಮೂವತ್ತೈದು ವರ್ಷ ಸರ್ವೆ ಇಲಾಖೆಯಲ್ಲಿ ಬೇರೆಯವರ ಜಮೀನು ಅಳೆದು ನಿವೃತ್ತನಾದ, ಅರವತ್ತೊಂದು ವರ್ಷದ ನಿನ್ನ ಅಪ್ಪ ಈಗ ಬೆಳಿಗ್ಗೆ ಆರಕ್ಕೆ ನೀಲಿ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಶ್ರೀಗಂಧದ ಕಾವಲು ಬಡಾವಣೆಯ ಜಿಮ್ಮಿಗೆ ಹೊರಡುತ್ತಾನೆ. ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ, ನಾಲ್ಕು ಗೋಡೆಗೂ ಕನ್ನಡಿ, ಕಿವಿ ಕಿತ್ತುಹೋಗುವಂಥ ಹಾಡು. ಮೊದಲನೇ ದಿನ ಟ್ರೆಡ್‌ಮಿಲ್ ಮೇಲೆ ಮೂರು ನಿಮಿಷ ನಡೆದು ಕೆಳಗಿಳಿದವನಿಗೆ ನೆಲವೇ ಓಡುತ್ತಿರುವ ಹಾಗೆ ಅನ್ನಿಸಿ ಗೋಡೆ ಹಿಡಿದು ನಿಂತೆ. ಈಗ ಇಪ್ಪತ್ತು ನಿಮಿಷ ನಡೆಯುತ್ತೇನೆ, ಅದೂ ಏರು ಮಾಡಿಕೊಂಡು. ಸೊಂಟದ ಸುತ್ತಳತೆ ನಲವತ್ತರಿಂದ ಮೂವತ್ತೇಳೂವರೆ ಇಂಚಿಗೆ ಬಂದಿದೆ. ಅಳೆದವನು ನಾನೇ, ಆದ್ದರಿಂದ ಲೆಕ್ಕ ತಪ್ಪಿರುವುದಿಲ್ಲ. ಮೊನ್ನೆ ಓವರ್‌ಹೆಡ್ ಟ್ಯಾಂಕಿನ ಏಣಿಯನ್ನು ಎಲ್ಲೂ ನಿಲ್ಲದೆ ಹತ್ತಿದೆ. ನಿನ್ನ ಅಮ್ಮ ಕೆಳಗೆ ನಿಂತು ‘ಇಳೀರಿ, ಇಳೀರಿ’ ಅಂತ ಕೂಗುತ್ತಿದ್ದರೆ ನನಗೆ ಇಳಿಯುವ ಮನಸ್ಸೇ ಬರಲಿಲ್ಲ. ಎದುರು ಮನೆಯ ಪಂಚಾಕ್ಷರಿ, ನನ್ನ ಜೊತೆ ದಿನಾ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ ಮೂರು ಸುತ್ತಿನಷ್ಟು ಮಾತಾಡುತ್ತಿದ್ದವನು, ಈಗ ನನ್ನನ್ನು ಕಂಡರೆ ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ.

ಯಾಕೆ ಸೇರಿದೆ ಅಂತ ಹೇಳಬೇಕಾದರೆ ಶಿವರಾತ್ರಿಯ ಮಾತು ತೆಗೆಯಲೇಬೇಕು. ಅವತ್ತು ನಮ್ಮ ಹಾಲಿನಲ್ಲಿ ಒಂಬತ್ತು ಗಂಡಸರು ಸಾಲಾಗಿ ಕೂತಿದ್ದೆವು, ದಾವಣಗೆರೆಯಿಂದ ಬಂದ ನಿನ್ನ ಅಕ್ಕನ ಕಡೆಯ ಬೀಗರೂ ಇದ್ದರು. ಎಲ್ಲರೂ ವಿಭೂತಿ ಹಚ್ಚಿಕೊಂಡು, ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಪೂಜೆಗೆ ಅಣಿಯಾಗಿದ್ದಾಗ ನೀನೊಬ್ಬ ಬನಿಯನ್ ಹಾಕಿಕೊಂಡು ಕೂತಿದ್ದೆ. ಅಷ್ಟು ಜನರ ಮುಂದೆ ನಾನು ಗದರಿದೆ. ಬಟ್ಟೆ ತೊಟ್ಟು ಲಿಂಗಪೂಜೆ ಮಾಡುವ ಪದ್ಧತಿ ಈ ಮನೆಯಲ್ಲಿಲ್ಲ, ತೆಗಿ ಅಂದೆ. ಎರಡು ಸಲ ಅಂದೆ. ನೀನು ಲಿಂಗವನ್ನು ಕರಡಿಗೆಯೊಳಗಿಟ್ಟು, ಅದನ್ನು ಕೊರಳಿಗೆ ಹಾಕಿಕೊಂಡು, ಎದ್ದು ಅಂಗಿ ತೊಟ್ಟು ಹೊರಟೇ ಹೋದೆ. ಉಪವಾಸ ಬಿಡುವುದಕ್ಕೂ ನಿಲ್ಲಲಿಲ್ಲ. ಕೆಲಸ ಸಿಕ್ಕಿದ ಮೇಲೆ ಇವನಿಗೆ ತಲೆ ತಿರುಗಿದೆ ಅಂತ ನಾನು ಬೀಗರಿಗೆ ಹೇಳಿದೆ.

ಯುಗಾದಿಯ ದಿನ ಬೇವು ಬೆಲ್ಲ ಕೈಗಿಟ್ಟು ನಿನ್ನ ಅಮ್ಮ, “ರೀ, ನಾಗು ಎದೆ ಆಪರೇಷನ್ ಮಾಡಿಸ್ಕೋತಾನಂತೆ. ಹೃದಯದ್ದಲ್ಲ, ಗಾಬರಿ ಬೀಳ್ಬೇಡಿ” ಅಂದಳು. ನನಗೆ ಹೇಳಬಾರದು ಅಂತ ನೀನು ಆಣೆ ಹಾಕಿಸಿದ್ದೆಯಂತೆ. ಪಾಪ, ಒಂದು ತಿಂಗಳು ಬಾಯಿ ಕಟ್ಟಿಕೊಂಡಿದ್ದಳು, ಅವಳ ಮಟ್ಟಿಗೆ ಅದು ದೊಡ್ಡ ಸಾಧನೆ, ಬೈಯಬೇಡ. ಹೈಸ್ಕೂಲಿನಿಂದಲೂ ನಿನ್ನ ಎದೆ ಹೆಣ್ಣುಮಕ್ಕಳ ಹಾಗೆ ಉಬ್ಬಿರುವುದು, ಒಳಗೆ ಎರಡು ಬನಿಯನ್ ಹಾಕಿಕೊಂಡು ಓಡಾಡುವುದು, ಕಾಲೇಜಿನಲ್ಲಿ ಒಂದು ದಿನವೂ ಕಬಡ್ಡಿ ಆಡದೆ ಹೋದದ್ದು, ಎಲ್ಲವನ್ನೂ ಅವಳು ಹೇಳಿದಳು.

ಸುಳ್ಳು ಬರೆಯುವುದಿಲ್ಲ, ನನಗೆ ಮೊದಲು ಬಂದದ್ದು ಸಿಟ್ಟು. ಗಂಡಸಿಗೆ ಇದೆಂಥ ಶೋಕಿ, ಸಿನಿಮಾದವರ ಹಾಗೆ ಮೈ ಕೊಯ್ಯಿಸಿಕೊಳ್ಳುವುದು ಅಂತ ಕೂಗಾಡಿದೆ. ನಾಲ್ಕು ದಿನ ಬೆವರು ಸುರಿಸಿದರೆ ತಾನಾಗೇ ಕರಗುತ್ತೆ ಅಂದೆ. ಅಮ್ಮ ಒಂದೇ ಮಾತು ಕೇಳಿದಳು, ಕರಗುತ್ತೆ ಅಂತ ನಿಮಗೆ ಹೇಗೆ ಗೊತ್ತು ಅಂತ. ಸ್ಥಳ ತನಿಖೆ ಮಾಡದೆ ಸರ್ವಿಸಿನಲ್ಲಿ ಒಂದು ವರದಿಯನ್ನೂ ಬರೆದವನಲ್ಲ ನಾನು. ಮಾರನೆಯ ದಿನವೇ ಜಿಮ್ಮಿಗೆ ಹೋದೆ.

ಅಲ್ಲಿ ಕಲಿಸುವವನು ಮುತ್ತುರಾಜ ಅಂತ, ಬಾಗಲಕೋಟೆ ಕಡೆಯವನು, ಈಗ ಪೂರಾ ಬೆಂಗಳೂರಿನವನಾಗಿದ್ದಾನೆ. ಹೆಸರು ಹೇಳದೆ ನಿನ್ನ ವಿಷಯ ಕೇಳಿದೆ. ಅವನು “ಕೊಬ್ಬಾದ್ರೆ ಆರು ತಿಂಗ್ಳಲ್ಲಿ ಇಳಿಸ್ಕೊಡ್ತೀನಿ ಸಾರ್. ಒಳಗೆ ಗಂಟಿನ ಥರ ಸಿಕ್ಕಿದ್ರೆ ಮಾತ್ರ ನನ್ ಕೈಲಾಗಲ್ಲ, ಸುಮ್ನೆ ಯಾಕೆ ಸುಳ್ಳು ಹೇಳ್ಲಿ” ಅಂದ. ಆ ಮಾತಿಗೇ ನಾನು ಅಲ್ಲಿ ಉಳಿದುಕೊಂಡದ್ದು.

ಅದೇ ಜಿಮ್ಮಿಗೆ ಬ್ಯಾಡರಹಳ್ಳಿಯಿಂದ ಮುನಿವೆಂಕಟಪ್ಪ ಅಂತ ಒಬ್ಬರು ಬರುತ್ತಾರೆ. ಹನ್ನೆರಡು ಹಸು ಕಟ್ಟಿಕೊಂಡು ಹಾಲು ಹಾಕುವವರು. ನೋಡಿದರೆ ಅವರಿಗೂ ನಿನ್ನ ಹಾಗೇ ಎದೆ, ಆದರೆ ತೋಳಿಲ್ಲದ ತೆಳು ಬನಿಯನ್ ಹಾಕಿಕೊಂಡು ಕನ್ನಡಿಯ ಮುಂದೆಯೇ ನಿಂತು ಎಂಬತ್ತು ಕಿಲೋ ಎತ್ತುತ್ತಾರೆ. ಹುಡುಗರು ಮೊದಮೊದಲು ಮುಸಿಮುಸಿ ನಗುತ್ತಿದ್ದರಂತೆ, ಈಗ ಅವರಿಂದಲೇ ಪಾಠ ಹೇಳಿಸಿಕೊಳ್ಳುತ್ತಾರೆ. ಧೈರ್ಯ ಮಾಡಿ ಕೇಳಿಯೇಬಿಟ್ಟೆ, ನಿಮಗೆ ಮುಜುಗರ ಆಗೋದಿಲ್ಲವೇ ಅಂತ. “ಇದ್ರೆ ಇರ್ಲಿ ಬಿಡಿ ಸಾರ್. ನನ್ ಹಸುಗಳು ಒಂದಿನಾನೂ ಕೇಳಿಲ್ಲ” ಅಂದರು. ಅವತ್ತು ಜಿಮ್ಮಿನಿಂದ ಮನೆಯವರೆಗೂ ನಗುತ್ತಲೇ ನಡೆದುಕೊಂಡು ಬಂದೆ. ಎಂಥ ಮನುಷ್ಯ ಅನ್ನಿಸಿತು. ಇದನ್ನೇ ನಿನಗೆ ಬರೆದು ಆಪರೇಷನ್ ಬಿಡಿಸಿಬಿಡಬೇಕು ಅಂತ ಅವತ್ತು ನಿಶ್ಚಯ ಮಾಡಿದ್ದೆ. ಕಾಗದ ಪೆನ್ನು ಹಿಡಿದು ಕೂತಾಗ ಕೈ ಓಡಲಿಲ್ಲ. ಮುನಿವೆಂಕಟಪ್ಪನವರು ಅವರ ಮೈಯ ಬಗ್ಗೆ ಹೇಳಿದರು, ನಿನ್ನ ಮೈಯ ಬಗ್ಗೆ ಅಲ್ಲವಲ್ಲ.

ಹಾಗಾಗಿ ತನಿಖೆ ಇನ್ನೂ ಬಾಕಿ ಇತ್ತು. ಹೋದ ವಾರ ಅಮ್ಮನಿಂದ ಉಳಿದ ವಿವರವನ್ನೂ ತೆಗೆದೆ. ಇದೇ ಇಪ್ಪತ್ತೈದಕ್ಕೆ ರಾಜಾಜಿನಗರದ ಪ್ಲಾಸ್ಟಿಕ್ ಸರ್ಜರಿ ಕ್ಲಿನಿಕ್ಕಿನಲ್ಲಿ ಆಪರೇಷನ್, ಅದಾದ ಮೇಲೆ ಇಲ್ಲೇ ಬೆಂಗಳೂರಿನ ಉಲ್ಲಾಳದಲ್ಲಿ ನಿನ್ನ ಗೆಳೆಯ ರೇವಣಸಿದ್ದನ ರೂಮಿನಲ್ಲಿ ಹತ್ತು ದಿನ. ಬೆಂಗಳೂರಿಗೆ ಬಂದೂ ಮನೆಗೆ ಬರುವುದಿಲ್ಲ ಅನ್ನುವುದನ್ನು ಕೇಳಿ ನನಗೆ ಹೇಗಾಯಿತು ಅಂತ ಬರೆಯಲಾರೆ. ಗುರುವಾರ ಆ ಡಾಕ್ಟರನ್ನು ನೋಡಲು ನಾನೇ ಹೋದೆ.

ಗೋಡೆಯ ತುಂಬ ಮೂಗುಗಳ ಫೋಟೋ. ರಿಸೆಪ್ಷನ್ನಿನ ಹುಡುಗಿ ನನ್ನ ಬೋಳು ತಲೆ ನೋಡಿ, “ಅಂಕಲ್, ಕೂದಲು ಹಾಕಿಸ್ಕೊಳ್ಳೋಕಾ” ಅಂತ ಬಹಳ ಗೌರವದಿಂದ ಕೇಳಿದಳು. ಡಾಕ್ಟರ್ ಬಸವರಾಜೇಶ್ವರಿ ನಿನ್ನ ವಿಷಯ ಒಂದಕ್ಷರ ಹೇಳಲಿಲ್ಲ, ನಮ್ಮ ಪೇಷೆಂಟ್ ಬಗ್ಗೆ ಅವರ ಅಪ್ಪನ ಹತ್ತಿರವೂ ಮಾತಾಡೋದಿಲ್ಲ ಅಂದರು. ಅದು ನನಗೆ ಹಿಡಿಸಿತು. ಸಾಮಾನ್ಯವಾಗಿ ಹೇಗೆ ಅಂತ ಮಾತ್ರ ತಿಳಿಸಿದರು. ಹುಡುಗರಲ್ಲಿ ಇದು ತುಂಬ ಜನಕ್ಕೆ ಬರುತ್ತದಂತೆ, ಹೆಚ್ಚಿನವರಿಗೆ ಎರಡು ವರ್ಷದಲ್ಲಿ ತಾನೇ ಹೋಗುತ್ತದಂತೆ. ಹೋಗದೆ ಗಟ್ಟಿಯಾಗಿ ಕೂತರೆ ಅದು ಗ್ರಂಥಿ, ಎಷ್ಟು ದಂಡ ಹೊಡೆದರೂ ಕರಗದು. ಅದೇನೂ ರೋಗವಲ್ಲ, ಇಟ್ಟುಕೊಂಡೇ ನೂರು ವರ್ಷ ಬಾಳಬಹುದು. ತೆಗೆಸಿದರೆ ಸಣ್ಣ ಕಲೆ ಉಳಿಯುತ್ತದೆ, ಕೆಲವು ವಾರ ಬಿಗಿ ಬನಿಯನ್ ಹಾಕಬೇಕು. ಕತ್ತಿ ಆಡಿಸಿದ ಮೇಲೆ ರಕ್ತ ಕಟ್ಟುವುದು, ಎರಡು ಕಡೆ ಒಂದೇ ಸಮ ಬಾರದಿರುವುದು ಇವೂ ಇರುತ್ತವೆ. ಏಳುವಾಗ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಬೇರೆಯವರ ಬಾಯಿ ಮುಚ್ಚಿಸೋಕೆ ಅಂತ ಬಂದವರನ್ನ ನಾನು ವಾಪಸ್ ಕಳಿಸ್ತೀನಿ. ಬಾಯಿ ಮುಚ್ಚೋದಿಲ್ಲ, ಇನ್ನೊಂದು ಹುಡುಕುತ್ತೆ.”

ನನ್ನ ವರದಿ ಇಷ್ಟೇ, ಮಗನೆ. ನಾಲ್ಕು ದಿನ ಬೆವರು ಸುರಿಸಿದರೆ ಕರಗುತ್ತೆ ಅಂದದ್ದು ತಪ್ಪು. ಶೋಕಿ ಅಂದದ್ದು ಅದಕ್ಕಿಂತ ದೊಡ್ಡ ತಪ್ಪು. ಮಾಡಿಸಿಕೊಳ್ಳಬೇಕೋ ಬೇಡವೋ ನಾನು ಹೇಳುವುದಿಲ್ಲ, ಅದು ನಿನ್ನ ಗಡಿಯೊಳಗಿನ ಜಾಗ. ನನಗಾಗಿ ಮಾಡಿಸಿಕೊಳ್ಳಬೇಡ, ಶಿವರಾತ್ರಿಯ ಸಾಲಿಗಾಗಿ ಬೇಡ, ನಾಳೆ ನೋಡಲು ಬರುವ ಹೆಣ್ಣಿನ ಮನೆಯವರಿಗಾಗಿಯಂತೂ ಬೇಡವೇ ಬೇಡ. ನಿನಗೇ ಬೇಕು ಅನ್ನಿಸಿದರೆ ಖಂಡಿತ ಮಾಡಿಸಿಕೊ. ಬೇಡ ಅನ್ನಿಸಿದರೆ ಬಾ, ಮುನಿವೆಂಕಟಪ್ಪನವರ ಪರಿಚಯ ಮಾಡಿಸುತ್ತೇನೆ. ಎರಡೂ ಸರಿಯೇ. ಬನಿಯನ್ ಹಾಕಿಕೊಂಡೇ ಪೂಜೆಗೆ ಕೂರು. ಬಟ್ಟೆ ತೆಗೆಯಬೇಕೆಂದು ಯಾವ ಗುರುವೂ ನನಗೆ ಹೇಳಿರಲಿಲ್ಲ, ನಮ್ಮಜ್ಜ ಬರಿಮೈಯಲ್ಲಿ ಕೂರುತ್ತಿದ್ದರು ಅಂತ ನಾನೂ ಹಿಡಿದುಕೊಂಡಿದ್ದೆ.

ಒಂದೇ ಒಂದನ್ನು ಕೇಳುತ್ತೇನೆ. ಉಲ್ಲಾಳಕ್ಕೆ ಹೋಗಬೇಡ, ಮನೆಗೆ ಬಾ. ಆಪರೇಷನ್ ಥಿಯೇಟರಿನ ಹೊರಗೆ ನಾನು ಕೂತಿರುತ್ತೇನೆ. ಬೇಕಾದರೆ ರೇವಣಸಿದ್ದನನ್ನೂ ಕರೆದುಕೊಂಡು ಬಾ, ಅಮ್ಮ ಇಬ್ಬರಿಗೂ ಬಿಸಿ ರೊಟ್ಟಿ ತಟ್ಟುತ್ತಾಳೆ. ಆ ಬಿಗಿ ಬನಿಯನ್ನನ್ನು ದಿನಾ ಒಗೆದು ಹಾಕುವ ಕೆಲಸ ನನ್ನದು, ಬಾಯಿಮಾತಿಗೆ ಹೇಳುತ್ತಿಲ್ಲ.

ಬಸವಣ್ಣನವರ ಕೃಪೆ ನಿನ್ನ ಮೇಲಿರಲಿ, ತೆಗೆದುಕೊಂಡ ನಿರ್ಧಾರದಲ್ಲಿ ನಿನಗೆ ನೆಮ್ಮದಿ ಸಿಗಲಿ, ನೂರ್ಕಾಲ ಬಾಳು.

ನಿನ್ನ ಅಪ್ಪಾಜಿ,
ಶಿವಬಸಪ್ಪ

ತಾ. ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ವರದಿಯಲ್ಲಿ ಒಂದು ಸಂಗತಿ ಬಿಟ್ಟಿದ್ದೆ.

ಇದು ಕೆಲವು ಮನೆತನಗಳಲ್ಲಿ ಬರುತ್ತೆ, ಹುಡುಗನ ತಂದೆಗೂ ಇದೆಯಾ ಅಂತ ಡಾಕ್ಟರು ಕೇಳಿದರು. ನಾನು ಇಲ್ಲ ಅಂದೆ.

ನನ್ನದನ್ನು ವಯಸ್ಸಾದವರ ಬೊಜ್ಜು ಅಂತ ನೀವೆಲ್ಲ ತಿಳಿದಿದ್ದೀರಿ. ಅಲ್ಲ ನಾಗು, ಹದಿನಾಲ್ಕನೇ ವಯಸ್ಸಿನಿಂದ ಹೀಗೇ ಇದೆ. ಹಾಸ್ಟೆಲಿನ ಹುಡುಗರು ನನಗೊಂದು ಹೆಂಗಸಿನ ಹೆಸರಿಟ್ಟಿದ್ದರು, ಅದನ್ನು ನಿನ್ನ ಅಮ್ಮನಿಗೂ ಈವರೆಗೆ ಹೇಳಿಲ್ಲ. ಜಿಮ್ಮಿನಲ್ಲಿ ಸೊಂಟ ಇಳಿಯಿತು, ಅದು ಇಳಿಯಲಿಲ್ಲ. ಶಿವರಾತ್ರಿಯ ದಿನ ನಿನಗೆ ಬಟ್ಟೆ ತೆಗಿ ಅಂದ ನಾನು, ಹಿರಿಯ ಅನ್ನುವ ನೆಪದಲ್ಲಿ ಶಲ್ಯ ಹೊದ್ದೇ ಕೂತಿದ್ದೆ.

ನಿನ್ನ ಲಿಂಗದೀಕ್ಷೆಯ ದಿನ ನಿನಗೆ ಹದಿಮೂರು ವರ್ಷ. ಗುರುಗಳ ಮುಂದೆ ಕೂರಲು ನೀನು ಅಂಗಿ ಬಿಚ್ಚಿದೆ. ನಿನ್ನ ಹಿಂದೆ ತಂದೆಯಾಗಿ ನಾನೂ ಬಿಚ್ಚಿ ಕೂರಬೇಕಿತ್ತು, ನೆಂಟರೆಲ್ಲ ಸುತ್ತ ನಿಂತಿದ್ದರು. ಆಗ ‘ಇವನಿಗೊಂದು ರವಿಕೆ ಹೊಲಿಸಬೇಕು ಕಣ್ರಪ್ಪ’ ಅಂತ ನಾನು ಅಂದೆ. ನೀನು ಅದನ್ನು ಮರೆತಿಲ್ಲ ಅಂತ ನನಗೆ ಗೊತ್ತು. ಎಲ್ಲರೂ ನಿನ್ನನ್ನು ನೋಡಿ ನಕ್ಕರು. ಆ ನಗು ಮುಗಿಯುವಷ್ಟರಲ್ಲಿ ನಾನು ಅಂಗಿ ತೆಗೆದು, ಶಲ್ಯ ಹೊದ್ದು ಕೂತಾಗಿತ್ತು. ನನ್ನ ಕಡೆ ಯಾರೂ ನೋಡಲಿಲ್ಲ. ಅದಕ್ಕಾಗಿಯೇ ಅಂದದ್ದು, ಮಗನೆ.

ಇಪ್ಪತ್ತೈದರಂದು ಕ್ಲಿನಿಕ್ಕಿನವರು ಒಂದು ಫಾರಂ ತುಂಬಿಸುತ್ತಾರೆ. ತಂದೆಗೂ ಇದೆಯೇ ಅಂತ ಕೇಳಿದರೆ, ಇದೆ ಅಂತ ಬರೆಸು.