ದಿಬ್ಬದಾಚೆಗೆ ಹೋಗುವ ಗಾಡಿ

ಉಸ್ತ್-ಯೂಕ್ತಾ,
ಜನವರಿ ೨೬

ನನ್ನ ನಿಕಾಂದ್ರ್,

ಚೆನ್ನಾಗಿದ್ದೀಯಾ? ಮೊಣಕಾಲು ಹೇಗಿದೆ? ನಾಯಿಗಳಿಗೆ ಹೊಟ್ಟೆ ತುಂಬುತ್ತಿದೆಯೇ? ಇಷ್ಟು ದಿನ ಬರೆಯಲಿಲ್ಲ ಎಂದು ಮುನಿಸಿಕೊಳ್ಳಬೇಡ. ಬರೆದಿದ್ದರೂ ಒಯ್ಯುವವರು ಯಾರಿದ್ದರು? ಈ ಚಳಿಗಾಲದಲ್ಲಿ ನಿನ್ನ ಕಡೆಗೆ ಕಾಗೆ ಕೂಡ ಹೋಗಿಲ್ಲ. ಈಗ ಸ್ಪಿರಿದೋನ್ ಹಿಟ್ಟು, ಚಹಾಪುಡಿ ಕೊಳ್ಳಲು ಬಂದಿದ್ದಾನೆ. ಅವನ ಹಿಮಸಾರಂಗಗಳು ಅಂಗಡಿಯ ಮುಂದೆ ನಿಂತು ನನ್ನ ಪೊರಕೆಯನ್ನು ನೆಕ್ಕುತ್ತಿವೆ. ನಿನ್ನ ಪಕ್ಕದ ಕಾಡು ಅವನದೇ ಆದ್ದರಿಂದ ಕಾಗದ ಮುಟ್ಟಿಸಲು ಒಪ್ಪಿದ. "ಬೇಗ ಬರ್ದು ಮುಗ್ಸು ಗ್ರೂಶಕ್ಕ, ನೀನು ಬಾಯಲ್ಲಿ ಶುರು ಮಾಡಿದ್ರೇ ಮುಗ್ಯಲ್ಲ, ಇನ್ನು ಪೆನ್ನು ಹಿಡಿದ್ರೆ ನನ್ನ ಗತಿ ಏನು?" ಎಂದು ಅಡಿಗೆಮನೆಯಿಂದ ಕೂಗುತ್ತಿದ್ದಾನೆ. ಮೀನಿನ ಸಾರು ಕೊಟ್ಟು ಬಾಯಿ ಮುಚ್ಚಿಸಿದ್ದೇನೆ.

ದಿನಾ ಸಂಜೆ ರೇಡಿಯೋದಲ್ಲಿ ಮಾತಾಡುತ್ತೇವಲ್ಲ ಎನ್ನಬೇಡ. ಅದೂ ಒಂದು ಮಾತೇ? ಹೊಳೆಯ ಉದ್ದಕ್ಕೂ ಇರುವ ಬೇಟೆಗಾರರೆಲ್ಲ ತಮ್ಮ ತಮ್ಮ ಗುಡಿಸಲಿನಲ್ಲಿ ಪೆಟ್ಟಿಗೆಗೆ ಕಿವಿ ಕೊಟ್ಟು ಕೂತಿರುತ್ತಾರೆ. ನೀನು "ಇದೀನಿ, ಎಲ್ಲ ಸರಿ" ಅನ್ನುತ್ತೀಯ. ನಾನು "ಇಲ್ಲೂ ಸರಿ" ಅನ್ನುತ್ತೇನೆ. ಒಮ್ಮೆ ನಾನು ಮರೆತು "ನಿನ್ನ ದಪ್ಪ ಕಾಲುಚೀಲ ಹಾಕ್ಕೊಂಡಿದೀಯಾ?" ಎಂದು ಕೇಳಿದೆ ನೋಡು, ಮಾರನೆಯ ದಿನ ಅಂಗಡಿಗೆ ಬಂದವರೆಲ್ಲ ಕಾಲುಚೀಲದ ಕ್ಷೇಮ ವಿಚಾರಿಸಿದರು. ಅಲ್ಲಿ ಗಂಡಹೆಂಡಿರ ಮಾತು ಆಡಲು ಬರುತ್ತದೆಯೇ?

ಆದರೆ ಹೊಸವರ್ಷದ ದಿನ ನೀನು ಆ ಪೆಟ್ಟಿಗೆಯಲ್ಲೇ, ಎಲ್ಲರೂ ಕೇಳುವ ಹಾಗೆ, "ಹಿಮ ಆಳ ಇದೆ. ಈ ಸಲ ಹೊಳೆ ಮೇಲಿನ ಮಂಜುಗಡ್ಡೆ ಒಡೆಯೋವರೆಗೂ ಬರಲ್ಲ. ನೀನೂ ಬರೋ ಯೋಚನೆ ಮಾಡ್ಬೇಡ" ಎಂದುಬಿಟ್ಟೆ. ಆಮೇಲೆ ಗರಗರ ಸದ್ದು, ಅಷ್ಟೇ. ಹಬ್ಬಕ್ಕೆ ಸಾರಂಗದ ನಾಲಿಗೆ ಬೇಯಿಸಿಟ್ಟಿದ್ದೆ. ಒಬ್ಬಳೇ ತಿಂದೆ. ಪ್ರತಿ ವರ್ಷ ಹೊಸವರ್ಷಕ್ಕೆ ಬರುತ್ತಿದ್ದವನು ಈ ಸಲ ಇಲ್ಲ, ಬೇಟೆ ಮುಗಿದ ಮೇಲೂ ಇಲ್ಲ, ದೋಣಿ ಓಡಾಡುವ ಕಾಲಕ್ಕೆ ಅಂದರೆ ಏನರ್ಥ? ನನಗೆ ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಸಕ್ಕರೆ ತೂಗುವಾಗ ಕೈ ತಪ್ಪಿ ಹೆಚ್ಚು ಹಾಕುತ್ತಿದ್ದೇನೆ. ನನ್ನನ್ನು ಬಲ್ಲವರು ಇದನ್ನು ಕೇಳಿದರೆ ನರ್ಸಮ್ಮನನ್ನು ಕರೆಸುತ್ತಾರೆ. ದೋಣಿಕಟ್ಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕಡುಬು ಮಾರಿ ಅಂಗಡಿ ಕಟ್ಟಿದವಳು ನಾನು. ಒಂದು ಹಿಡಿ ಉಪ್ಪು ಪುಕ್ಕಟೆ ಹೋದರೂ ನನಗೆ ಗೊತ್ತಾಗುತ್ತದೆ. ಗಂಡ ಕೈತಪ್ಪಿ ಹೋಗುತ್ತಿದ್ದರೆ ಗೊತ್ತಾಗುವುದಿಲ್ಲವೇ?

ಅದಕ್ಕೇ ನಾನು ಬರುವುದೆಂದು ನಿಶ್ಚಯಿಸಿದೆ. ಬೈಯಬೇಡ, ಪೂರ್ತಿ ಓದು.

ಮೊದಲು ಗೆನ್ನಾದಿಯನ್ನು ಕೇಳಿದೆ. ಅದೇ, ಮಣ್ಣು ಅಗೆದು ಪರೀಕ್ಷೆ ಮಾಡುವ ಕಂಪನಿಯವರ ಟ್ಯಾಂಕಿನಂಥ ಗಾಡಿ ಓಡಿಸುವವನು. "ಗ್ರೂಶಾ, ನನ್ನ ಗಾಡಿಗೆ ಹಿಮ ಅಂದ್ರೆ ಹಾಲಿನ ಕೆನೆ! ನೀನು ಒಳಗೆ ಕೂತು ಹೆಣಿಗೆ ಹಾಕ್ಕೊಂಡಿರು, ನಾನು ನಿನ್ನ ಗಂಡನ ಒಲೆ ಮುಂದೇನೇ ಇಳಿಸ್ತೀನಿ" ಎಂದ. ಬೆಚ್ಚಗಿನ ಗಾಡಿ, ನಿಜ. ನನ್ನ ಪೆಟ್ಟಿಗೆ, ಹಿಟ್ಟಿನ ಮೂಟೆ, ಬೇಕಿದ್ದರೆ ಅಂಗಡಿಯ ಕಪಾಟನ್ನೂ ಹಾಕಬಹುದು. ಒಪ್ಪಿಯೇ ಬಿಡುತ್ತಿದ್ದೆ. ಆಮೇಲೆ ಅವನು ಹೋಗಿಬಂದ ದಾರಿಯನ್ನು ಊರಾಚೆ ನೋಡಿ ಬಂದೆ. ಎಳೆಯ ಮರಗಳೆಲ್ಲ ನೆಲಕ್ಕೆ ಒರಗಿವೆ. ಅದು ನಿನ್ನ ಬೋನುಗಳ ಸಾಲಿನ ಮೇಲೆ ಹಾಯ್ದರೆ? ಆ ಗದ್ದಲಕ್ಕೆ ನೀನು ತುಪ್ಪಳಕ್ಕಾಗಿ ಹಿಡಿಯುವ ಸೇಬಲ್ ಪ್ರಾಣಿಗಳೆಲ್ಲ ಗುಡ್ಡ ದಾಟಿ ಸ್ಪಿರಿದೋನನ ಕಾಡಿಗೆ ಓಡಿದರೆ? ನಿನ್ನ ಒಂದು ಚಳಿಗಾಲದ ದುಡಿಮೆಯನ್ನು ತುಳಿದುಕೊಂಡು ಬಂದು ನಿನ್ನ ಬಾಗಿಲು ತಟ್ಟಿ "ನಾನು ಬಂದೆ" ಅನ್ನಲೇ? ಆ ವ್ಯಾಪಾರದಲ್ಲಿ ಲಾಭ ಯಾರಿಗೂ ಇಲ್ಲ. ಬೇಡ ಎಂದೆ. "ಹೆಂಗಸರಿಗೆ ಗಾಡಿ ಆರಿಸೋಕೆ ಬರಲ್ಲ" ಎಂದು ಗೆನ್ನಾದಿ ಎರಡು ದಿನ ನನ್ನ ಅಂಗಡಿಗೆ ಬರಲಿಲ್ಲ. ಮೂರನೆಯ ದಿನ ಸಿಗರೇಟಿಗೆ ಬಂದ. ಬೇರೆ ಅಂಗಡಿ ಎಲ್ಲಿದೆ?

ಎದ್ದು ಒಲೆಗೆ ಎರಡು ಕೊರಡು ಹಾಕಿ ಬಂದೆ. ಎಲ್ಲಿ ಬಿಟ್ಟಿದ್ದೆ?

ಹಾಂ, ಗೆನ್ನಾದಿ ಆದ ಮೇಲೆ ಜೋಸಿಮನ ಹಿಮಬಂಡಿ, ಹಿಮದ ಮೇಲೆ ಓಡುವ ಮೋಟಾರು. ಗಾಡಿಗಳ ರಿಪೇರಿ ಮಾಡುವ ಜೋಸಿಮ ನಗರದಿಂದ ಹೊಸದೊಂದನ್ನು ತಂದಿದ್ದಾನೆ. ಕೆಂಪು ಬಣ್ಣ, ಕುದುರೆಯಂತೆ ಕತ್ತು ಎತ್ತಿ ನಿಲ್ಲುತ್ತದೆ, ಗುಂಡಿ ಒತ್ತಿದರೆ ಹಿಡಿಕೆಯೇ ಬೆಚ್ಚಗಾಗುತ್ತದೆ. ನನಗೆ ಗಾಡಿಯ ವಿಷಯ ಏನು ಗೊತ್ತು? ತಕ್ಕಡಿಯಲ್ಲಿ ಯಾವುದು ಕೆಳಗೆ ಹೋಗುತ್ತದೋ ಅದಕ್ಕೆ ಬೆಲೆ ಎಂದು ಅಭ್ಯಾಸ. ಯಾವ ಇಂಜಿನ್ನಿಗೆ ಹೆಚ್ಚು ಬಲವೋ ಅದೇ ಸರಿ ಎಂದುಕೊಂಡೆ. ಜೋಸಿಮ ತಲೆ ಕೆರೆದುಕೊಂಡ. "ಗ್ರೂಶಕ್ಕ, ಇದು ಓಡೋ ಗಾಡಿ, ಈ ಹಿಮ ಈಜೋ ಹಿಮ" ಎಂದ. ನಾನು ಕೇಳಲಿಲ್ಲ. ಹಿಂದೆ ಕೂತು "ಹೊಡಿ" ಎಂದೆ.

ಊರು ಬಿಟ್ಟು ಹೊಳೆಯ ಮೇಲೆ ಬಂದಾಗ ಗಾಳಿಯಲ್ಲಿ ಹಾರಿದ ಹಾಗೆ ಇತ್ತು, ಸುಳ್ಳು ಹೇಳುವುದಿಲ್ಲ. ಇದೇ ವೇಗದಲ್ಲಿ ಹೋದರೆ ಸಂಜೆಗೆ ನಿನ್ನ ಚಹಾ ಕುಡಿಯುತ್ತೇನೆ ಎಂದು ಲೆಕ್ಕ ಹಾಕುತ್ತಿದ್ದೆ. ಮೊದಲ ಹಳ್ಳ ಸೇರುವ ಜಾಗಕ್ಕೆ ಬಂದದ್ದೇ ತಡ, ಗಾಡಿಯ ಹಿಂಭಾಗ ಕುಸಿಯಿತು. ಮೇಲೆ ನೋಡಿದರೆ ಬೆಳ್ಳನೆಯ ಹಿಮ, ಕೆಳಗೆ ಮಂಜುಗಡ್ಡೆಯ ಮೇಲೆ ಉಕ್ಕಿ ನಿಂತ ನೀರು! ನಾವು ಇಳಿದು ಎಳೆಯುವಷ್ಟರಲ್ಲಿ ರಬ್ಬರು ಪಟ್ಟಿಗೆ ಅಂಟಿದ ಹಿಮಗಂಜಿ ಕಲ್ಲಾಯಿತು. ಎಷ್ಟು ಬಲದ ಇಂಜಿನ್ನೋ ಅಷ್ಟು ಆಳಕ್ಕೆ ಅಗೆದುಕೊಂಡು ಕೂತಿತು. ಜೋಸಿಮ ಕೊಡಲಿಯ ಹಿಂಬದಿಯಿಂದ ಗಡ್ಡೆ ಒಡೆಯುತ್ತಾ, "ಹಿಡಿಕೆ ಬೆಚ್ಚಗಿದೆಯಾ ಗ್ರೂಶಕ್ಕ?" ಎಂದು ಕೇಳಿದ. ಬೇರೆ ದಿನವಾಗಿದ್ದರೆ ಅವನಿಗೆ ಸಾಲ ಕೊಡುವುದನ್ನು ನಿಲ್ಲಿಸುತ್ತಿದ್ದೆ. ಅಂದು ನನ್ನ ಉಣ್ಣೆಯ ಫೆಲ್ಟ್ ಬೂಟಿನೊಳಗೆ ನೀರು ಹೋಗಿತ್ತು, ಬೂಟು ಕಳಚಿ ನೀರು ಸುರಿಯುತ್ತಿದ್ದೆ. ಹೆದರಬೇಡ, ಕಾಲು ಎರಡೂ ಇವೆ, ಬೆರಳು ಹತ್ತೂ ಇವೆ. ದಡದಲ್ಲಿ ಬೆಂಕಿ ಮಾಡಿ ಒಣಗಿಸಿಕೊಂಡು ಬಂದೆವು.

ಸ್ಪಿರಿದೋನನ ಸಾರಂಗ ಯಾಕಾಗಬಾರದು ಎಂದು ನೀನು ಕೇಳಬಹುದು. ಇವತ್ತು ನಾನೂ ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾ, ಎದೆಮಟ್ಟ ಹಿಮದಲ್ಲಿ ಅವು ಸುಸ್ತಾಗಿ ಪಕ್ಕೆ ಎಣಿಸೋ ಹಾಗಾಗಿವೆ. ನಿನ್ನ ಕಾಗದ ಹೊತ್ಕೊಂಡು ಹೋಗ್ತವೆ, ನಿನ್ನನ್ನ ಹೊತ್ತರೆ ಮಾತ್ರ ದಾರೀಲೇ ಮಲಗ್ತವೆ" ಎಂದ. ಗಂಡಸರಿಗೆ ಮರ್ಯಾದೆ ಇಲ್ಲ. ಆದರೆ ತೂಕದ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ, ತಕ್ಕಡಿ ನನ್ನ ಹತ್ತಿರವೇ ಇದೆ.

ಜೋಸಿಮನ ಹೊಸ ಬಂಡಿ ಕೈಕೊಟ್ಟ ಮೇಲೆ ನನಗೆ ಉಳಿದದ್ದು ಯಾವುದು ಗೊತ್ತೇ? ನಮ್ಮ ಕೊಟ್ಟಿಗೆಯಲ್ಲಿರುವ ಹಳೆಯ ಬಂಡಿ. ಎರಡು ಅಗಲ ಪಟ್ಟಿಯದು, ಕೆಮ್ಮುತ್ತಾ ಓಡುವಂಥದ್ದು. ಜೋಸಿಮ ಅದನ್ನು ಬಿಚ್ಚಿ, ಇಂಜಿನ್ನಿಗೆ ಕಿಡಿ ಕೊಡುವ, ಕಪ್ಪಗಾಗಿದ್ದ ಮೇಣದ ಬತ್ತಿಯಂಥ ಅದೇನೋ ಬದಲಿಸಿ, ಪಟ್ಟಿ ಬಿಗಿ ಮಾಡಿ ಕೊಟ್ಟ. "ಇದು ನಿನ್ನನ್ನ ಮುಟ್ಟಿಸುತ್ತೆ. ಆದ್ರೆ ತುಳಿದ ಹಾದಿ ಮೇಲೆ ಮಾತ್ರ" ಎಂದ. ಮೊದಲು ಯಾರಾದರೂ ತುಪ್ಪಳ ಹೊದಿಸಿದ ಸ್ಕೀ ಹಲಗೆ ಕಟ್ಟಿಕೊಂಡು ಹಿಮ ಒತ್ತಿಕೊಂಡು ಹೋಗಬೇಕು, ರಾತ್ರಿಯ ಚಳಿಗೆ ಅದು ಗಟ್ಟಿಯಾಗಬೇಕು, ಆಮೇಲೆ ಬಂಡಿ. ನಿನಗೆ ನಾನು ಹೇಳಿಕೊಡಬೇಕೇ?

ಊರಿನಿಂದ ನಿನ್ನ ಕಾಡು ಶುರುವಾಗುವ ದಿಬ್ಬದ ತನಕ ನಾನೂ ಜೋಸಿಮನೂ ಸೇರಿ ಹಾದಿ ಒತ್ತಿದ್ದೇವೆ. ನಗಬೇಡ. ಬೆಳಿಗ್ಗೆ ಅಂಗಡಿ ಮುಚ್ಚಿ ಹೊರಡುತ್ತೇನೆ, ಹಲಗೆ ಎತ್ತುತ್ತೇನೆ, ಇಡುತ್ತೇನೆ, ಬೀಳುತ್ತೇನೆ, ಹಿಮದ ತಾಯಿಯನ್ನೂ ಅಜ್ಜಿಯನ್ನೂ ಬೈಯುತ್ತೇನೆ, ಏಳುತ್ತೇನೆ. ಗಿರಾಕಿಗಳು ಕಾದು ಕಾದು ಬಾಗಿಲ ಮೇಲೆ ಇದ್ದಿಲಿನಲ್ಲಿ ಏನೇನೋ ಬರೆದು ಹೋಗುತ್ತಾರೆ. ಬರೆಯಲಿ. ದಿಬ್ಬದ ಮೇಲೆ ನಿಂತು ನಿನ್ನ ಕಡೆ ನೋಡಿದೆ. ಕಾಡೋ ಕಾಡು, ಒಂದು ಎಳೆ ಹೊಗೆಯೂ ಕಾಣಲಿಲ್ಲ. ಜೋಸಿಮ ಅಲ್ಲಿಗೆ ನಿಂತುಬಿಟ್ಟ.

"ಇನ್ನು ಮುಂದೆ ನಿಕಾಂದ್ರಣ್ಣನ ಕಾಡು. ಅವನು ಕರೀದೆ ನಾನು ಒಂದು ಹೆಜ್ಜೆನೂ ಒತ್ತಲ್ಲ."

"ನಾನು ಅವನ ಹೆಂಡ್ತಿ ಕಣೋ!" ಎಂದೆ.

"ಅದು ಊರಲ್ಲಿ, ಅಕ್ಕಾ" ಎಂದ.

ಸಿಟ್ಟು ಬಂತು. ಆದರೆ ಅವನು ಹೇಳಿದ್ದು ಸರಿ. ಒಬ್ಬರ ಬೇಟೆಯ ಕಾಡಿನಲ್ಲಿ ಇನ್ನೊಬ್ಬರು ಹಾದಿ ತುಳಿಯುವುದಿಲ್ಲ. ನನ್ನ ಅಪ್ಪನೂ ತುಳಿದವನಲ್ಲ. ನಾನೂ ದಿಬ್ಬದ ಮೇಲೆ ಹಲಗೆ ಬಿಚ್ಚಿ, ಸ್ವಲ್ಪ ಹೊತ್ತು ಕೂತು, ತಿರುಗಿ ಬಂದೆ.

ಆದ್ದರಿಂದ ಈಗ ಗಾಡಿಯ ವಿಚಾರ ಮುಗಿಯಿತು ನಿಕಾಂದ್ರ್. ಜಗತ್ತಿನಲ್ಲಿ ಎಷ್ಟು ಬೆಲೆಯ ಗಾಡಿ ತಂದರೂ ದಿಬ್ಬದಾಚೆಗೆ ಅದು ಬರಬೇಕಾದರೆ ನಿನ್ನ ಹಲಗೆಯ ಗುರುತು ಬೇಕು. ನಿನಗೆ ನಾನು ಬರುವುದು ಬೇಕಿದ್ದರೆ ಗುಡಿಸಲಿನಿಂದ ದಿಬ್ಬದವರೆಗೆ ಹಾದಿ ಒತ್ತು. ಮೊಣಕಾಲು ನೋಯುತ್ತಿದ್ದರೆ ನಿಧಾನವಾಗಿ ಒತ್ತು, ನನಗೆ ಅವಸರವಿಲ್ಲ. (ಇದು ಸುಳ್ಳು. ಅವಸರವಿದೆ.) ಒತ್ತಿ ಮುಗಿದ ಸಂಜೆ ರೇಡಿಯೋದಲ್ಲಿ "ಹಾದಿ ಗಟ್ಟಿಯಾಗಿದೆ" ಎನ್ನು, ಸಾಕು. ಕೇಳುವವರು ಬೋನುಗಳ ಹಾದಿ ಎಂದುಕೊಳ್ಳುತ್ತಾರೆ. ಬೇಡವಾದರೆ ಎಂದಿನಂತೆ "ಎಲ್ಲ ಸರಿ" ಎನ್ನು. ನಾನೂ "ಇಲ್ಲೂ ಸರಿ" ಅನ್ನುತ್ತೇನೆ. ಆಮೇಲೆ ಈ ಮಾತು ಎತ್ತುವುದಿಲ್ಲ.

ಸ್ಪಿರಿದೋನನ ಕೈಯಲ್ಲಿ ಬೆಣ್ಣೆ, ಒಣಗಿದ ಈರುಳ್ಳಿ, ನಿನ್ನ ಮೊಣಕಾಲಿಗೆ ಕರಡಿಕೊಬ್ಬು ಕಳಿಸಿದ್ದೇನೆ. ಬಿಸಿ ಮಾಡಿ ಹಚ್ಚಿಕೋ, ತಿನ್ನಬೇಡ. ಬೆಂಕಿ ನಿನ್ನನ್ನು ಕಾಯಲಿ, ಕಾಡು ನಿನ್ನ ಮೇಲೆ ಮುನಿಯದಿರಲಿ, ನಾಯಿಗಳ ಮೂಗು ಚುರುಕಾಗಿರಲಿ. ನೀನು ಎಲ್ಲಿದ್ದರೂ ಬೆಚ್ಚಗಿರು.

ನಿನ್ನ
ಗ್ರೂಶಾ

ಮತ್ತೆ: ಕಾಗದ ಮಡಚಿದ್ದೆ, ಪುನಃ ಬಿಚ್ಚಿದೆ. ಮೂಟೆ ಕಟ್ಟುತ್ತಾ ಸ್ಪಿರಿದೋನ್ ಏನೋ ಮಾತು ನುಂಗಿಕೊಳ್ಳುತ್ತಿದ್ದ. ಬಿಡದೆ ಕೇಳಿದೆ. "ಹೋಗ್ಬೇಡ ಅಕ್ಕಾ. ಹೋಗಿ ನೋಡಿದ್ರೆ ನಿಂಗೇ ನೋವು. ಅವನ ಗುಡಿಸಲಲ್ಲಿ ಬಾಗಿಲ ಹಿಂದೆ ಉಲ್ಯಾನಾಳ ಕೋಟು ಇನ್ನೂ ನೇತಾಡ್ತಿದೆ" ಎಂದ. ನಿನ್ನ ಮೊದಲ ಹೆಂಡತಿ ತೀರಿಹೋದಾಗ ಅವಳ ವಸ್ತುಗಳನ್ನೆಲ್ಲ ಸಮಾಧಿಯ ಹತ್ತಿರ ಕಾಡಿಗೆ ಒಪ್ಪಿಸಿಬಂದೆ ಎಂದು ನೀನೇ ಹೇಳಿದ್ದೆ. ಸತ್ತವರ ಬಟ್ಟೆಯನ್ನು ನಮ್ಮಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ನೀನು ಇಟ್ಟುಕೊಂಡಿದ್ದೀಯ. ನಮ್ಮ ಮದುವೆಯಾದಾಗಿನಿಂದ ಪ್ರತಿ ಚಳಿಗಾಲ ನಾನು ಬರುತ್ತೇನೆ ಅಂದಾಗಲೆಲ್ಲ ನೀನು ಹಿಮ ಆಳ ಅಂದೆ. ನಾನು ಪೆದ್ದಿ, ಹಿಮವನ್ನೇ ಬೈದುಕೊಂಡು ಕೂತೆ.

ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ಹೊಡೆದುಹಾಕುವುದಿಲ್ಲ. ನಾನು ಬರುತ್ತೇನೆ ಎಂದು ಆ ಕೋಟನ್ನು ತೆಗೆಯಬೇಡ. ಅದರ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆ.